ಅಂಟನ್ನು ಬೇಡುವ ಬಿನ್ನಹ

ಅಂತರ್ಯಾಮಿಯೇ, ನಿನ್ನ ಮುಂದೆ ನಿಂತವರೆಲ್ಲ ಅಂಟು ಬಿಡಿಸು ಎಂದೇ ಬೇಡಿಕೊಂಡು ಹೋದರು. ಹೊನ್ನಿನ ಅಂಟು, ಮಣ್ಣಿನ ಅಂಟು, ಮಕ್ಕಳುಮರಿಗಳ ಅಂಟು. ಹಿರಿಯರು ಹೇಳಿಕೊಟ್ಟ ಪ್ರಾರ್ಥನೆಗಳಲ್ಲೂ ಅದೇ ಬೇಡಿಕೆ ಇತ್ತು. ನಾನೂ ಅದನ್ನೇ ಹೇಳುತ್ತ ಬೆಳೆದೆ. ಇಂದು ಬೇರೆ ಬಿನ್ನಹ ತಂದಿದ್ದೇನೆ. ಅಂಟು ಕೊಡು. ಎದೆಮೂಳೆಯ ಹಿಂದೆ, ಹೃದಯದ ನೆತ್ತಿಯ ಮೇಲೆ ಎರಡು ಹಾಳೆಯಾಗಿ ಕೂತಿರುವ ಥೈಮಸ್ ಎಂಬ ಮೆದು ಗ್ರಂಥಿಯಲ್ಲಿ ಕೋಶವೊಂದು ಇನ್ನೊಂದನ್ನು ಮುಟ್ಟುವ, ಹಿಡಿಯುವ, ಹೊತ್ತು ಬಂದಾಗ ಬಿಡುವ ಬಲವನ್ನು ಹುಟ್ಟುವ ಪ್ರತಿ ಕೂಸಿಗೂ ಕೊಡು.

ಈ ಗ್ರಂಥಿಯ ಪಾಠ ಹೇಳಿಕೊಂಡು ಬಂದವಳು ನಾನು. ತರಗತಿಯಲ್ಲಿ ಹೆಸರುಗಳು ಮುಂದಾಗುತ್ತವೆ, ಗಂಟೆ ಹೊಡೆಯುತ್ತದೆ, ಬೆರಗು ಹಾಗೇ ಉಳಿದುಬಿಡುತ್ತದೆ. ಹಾಗೆ ಉಳಿದದ್ದನ್ನು ಇಲ್ಲಿ ನಿನಗೆ ನಿವೇದಿಸುತ್ತಿದ್ದೇನೆ.

ಮೊದಲು ನಮ್ಮ ವಿದ್ಯೆಯ ಪರವಾಗಿ ಕ್ಷಮೆ ಬೇಡಬೇಕು. ಕಳೆದ ಶತಮಾನದ ಮೊದಲರ್ಧದಲ್ಲಿ ಪಶ್ಚಿಮದ ವೈದ್ಯರು ಕೂಸುಗಳ ಥೈಮಸ್ ಕಂಡು ಹೆದರಿದರು. ಶವಪರೀಕ್ಷೆಯ ಮೇಜಿಗೆ ಬರುತ್ತಿದ್ದ ದೇಹಗಳು ಹೆಚ್ಚಾಗಿ ಬಡವರವು, ಬಹುಕಾಲ ಕಾಯಿಲೆಯಲ್ಲಿ ನವೆದವರವು. ಹಸಿವು ಮತ್ತು ಬೇನೆಯಿಂದ ಅವರ ಥೈಮಸ್ ಮೊದಲೇ ಕುಗ್ಗಿಹೋಗಿರುತ್ತಿತ್ತು. ಆ ಕುಗ್ಗಿದ ಗಾತ್ರವನ್ನೇ ಸಹಜವೆಂದು ಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ ಆರೋಗ್ಯವಾಗಿದ್ದು ಹಠಾತ್ತನೆ ತೀರಿಕೊಂಡ ಕೂಸಿನ ಎದೆ ತೆರೆದಾಗ ಅಲ್ಲಿದ್ದ ತುಂಬಿದ ಗ್ರಂಥಿಯೇ ಕೊಲೆಗಾರನಾಗಿ ಕಂಡಿತು. ಉಸಿರುಗಟ್ಟಿಸುತ್ತದೆಂದು ಸಾವಿರಾರು ಮಕ್ಕಳ ಎದೆಗೆ ಎಕ್ಸ್-ರೇ ಹಾಯಿಸಿ ಅದನ್ನು ಕುಗ್ಗಿಸಿದರು. ಅವರಲ್ಲಿ ಹಲವರಿಗೆ ಮುಂದೆ ಥೈರಾಯ್ಡ್ ಕ್ಯಾನ್ಸರ್ ಬಂತು. ಬಡವರ ಹಸಿವನ್ನು ಅಳತೆಗೋಲು ಮಾಡಿಕೊಂಡ ಪಾಪ ಅದು. ಅದನ್ನು ನಿನ್ನ ಮುಂದೆ ಮರೆಮಾಚುವುದಿಲ್ಲ.

ಆ ಕತ್ತಲೆಯಲ್ಲಿ ನೀನು ಜಾಕ್ ಮಿಲ್ಲರ್ ಅವರ ಕಣ್ಣು ತೆರೆಸಿದೆ. ಫ್ರಾನ್ಸಿನ ನೀಸ್‌ನಲ್ಲಿ ಹುಟ್ಟಿ, ಶಾಂಘೈನಲ್ಲಿ ಬಾಲ್ಯ ಕಳೆದು, ಕ್ಷಯಕ್ಕೆ ಅಕ್ಕನನ್ನು ಕಳೆದುಕೊಂಡವರು ಅವರು. ಲಂಡನ್ನಿನ ಚೆಸ್ಟರ್ ಬೀಟಿ ಸಂಶೋಧನಾ ಸಂಸ್ಥೆಯಲ್ಲಿ ಇಲಿಗಳ ರಕ್ತಕ್ಯಾನ್ಸರ್ ಬೆನ್ನು ಹತ್ತಿದ್ದಾಗ, ಆಗತಾನೇ ಹುಟ್ಟಿದ ಮರಿಗಳ ಥೈಮಸ್ ತೆಗೆದು ನೋಡಿದರು. ಹಾಲು ಬಿಡುವವರೆಗೆ ಚೆನ್ನಾಗಿದ್ದ ಮರಿಗಳು ಆಮೇಲೆ ಸೊರಗಿದವು, ಸೋಂಕಿಗೆ ಸತ್ತವು. ಬೇರೆ ಪ್ರಾಣಿಯ ಚರ್ಮವನ್ನು ಅಂಟಿಸಿದರೆ ಅದನ್ನೂ ತಮ್ಮದೆಂಬಂತೆ ಉಳಿಸಿಕೊಂಡವು. 1961ರಲ್ಲಿ ಇದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆದರೂ ನೊಬೆಲ್ ಪಡೆದಿದ್ದ ಪೀಟರ್ ಮೆಡಾವರ್ ಅಂಥವರು ಇನ್ನೂ, ಥೈಮಸ್ಸಿನಲ್ಲಿ ಲಿಂಫೋಸೈಟುಗಳೆಂಬ ಬಿಳಿಯ ರಕ್ತಕಣಗಳು ತುಂಬಿರುವುದು ವಿಕಾಸದ ಒಂದು ಆಕಸ್ಮಿಕ, ಅದಕ್ಕೆ ದೊಡ್ಡ ಅರ್ಥವಿಲ್ಲ ಎನ್ನುತ್ತಿದ್ದರು. ತನ್ನದು ಯಾವುದು, ಪರರದ್ದು ಯಾವುದು ಎಂಬ ವಿವೇಕ ದೇಹಕ್ಕೆ ಬರುವುದೇ ಅಲ್ಲಿಂದ ಎಂದು ಜಗತ್ತು ಒಪ್ಪಲು ಹೊತ್ತು ಹಿಡಿಯಿತು.

ಆ ವಿವೇಕ ಮುಟ್ಟುವುದರಿಂದ ಬರುತ್ತದೆ, ತಂದೇ. ನಾನು ಹೇಳಬೇಕೆಂದು ಬಂದದ್ದೇ ಅದು.

ಅಸ್ಥಿಮಜ್ಜೆಯಿಂದ ಹೊರಟ ಎಳೆಯ ಕೋಶ ರಕ್ತದಲ್ಲಿ ತೇಲಿಕೊಂಡು ಬರುತ್ತದೆ. ಅದು ಏನಾಗಬೇಕೆಂಬುದು ಇನ್ನೂ ಪೂರ್ತಿ ನಿಶ್ಚಯವಾಗಿರುವುದಿಲ್ಲ. ಥೈಮಸ್ಸಿನ ಹೊರವಲಯವೂ ಒಳವಲಯವೂ ಕೂಡುವ ಗಡಿಯ ರಕ್ತನಾಳದಲ್ಲಿ ನೀನು ಅದಕ್ಕಾಗಿ ಒಂದು ಕೈ ಚಾಚಿ ಇಟ್ಟಿದ್ದೀಯೆ: ಗೋಡೆಯ ಮೇಲೆ ಪಿ-ಸೆಲೆಕ್ಟಿನ್ ಎಂಬ ಪ್ರೋಟೀನ್, ಬರುವ ಕೋಶದ ಮೈಮೇಲೆ ಅದಕ್ಕೆ ಜೋಡಿಯಾದ ಪಿಎಸ್‌ಜಿಎಲ್-1. ರಕ್ತದ ಓಟ ಕೋಶವನ್ನು ಎಳೆಯುತ್ತಲೇ ಇರುತ್ತದೆ. ಎಳೆತ ಹೆಚ್ಚಿದರೆ ಹಿಡಿತ ತಪ್ಪಬೇಕಲ್ಲವೆ? ಈ ಜೋಡಿಯಲ್ಲಿ ಹಾಗಾಗುವುದಿಲ್ಲ. ಒಂದು ಮಿತಿಯವರೆಗೆ, ಎಳೆದಷ್ಟೂ ಅದು ಹೆಚ್ಚು ಹೊತ್ತು ಬಾಳುತ್ತದೆ. ಕೊಡದ ಕೊರಳಿಗೆ ಹಾಕಿದ ಕುಣಿಕೆ, ಬಾವಿಯಿಂದ ನೀರು ಸೇದುವಾಗ ಭಾರಕ್ಕೇ ಬಿಗಿಯಾಗುವ ಹಾಗೆ. 2003ರಲ್ಲಿ ವಿಜ್ಞಾನಿಗಳು ಒಂದೊಂದೇ ಅಣುವನ್ನು ಎಳೆದು ಇದನ್ನು ಅಳೆದರು. ಆ ವರದಿ ಓದಿದ ದಿನ ಪುಸ್ತಕ ಮುಚ್ಚಿ ನಿನ್ನನ್ನು ನೆನೆದೆ.

ಹಿಡಿತ ಸಿಕ್ಕ ಕೋಶ ಗೋಡೆಯ ಮೇಲೆ ಮೆಲ್ಲಗೆ ಉರುಳುತ್ತದೆ. ಒಳಗಿನಿಂದ ಕೀಮೋಕೈನ್ ಎಂಬ ರಾಸಾಯನಿಕ ಕರೆ ಬರುತ್ತದೆ. ಆ ಕರೆ ತಾಕಿದೊಡನೆ ಕೋಶದ ಮೈಮೇಲಿನ ಇಂಟಿಗ್ರಿನ್‌ಗಳು ಎದ್ದು ನಿಲ್ಲುತ್ತವೆ. ಅಲ್ಲಿಯವರೆಗೆ ಅವು ಮಡಚಿ ಬಾಗಿ ಕೂತಿರುತ್ತವೆ, ಏನನ್ನೂ ಗಟ್ಟಿಯಾಗಿ ಹಿಡಿಯುವುದಿಲ್ಲ. ಕೋಶದ ಒಳಗಿನಿಂದ ಸನ್ನೆ ಬಂದಾಗ ನೆಟ್ಟಗಾಗಿ, ಗೋಡೆಯ ಮೇಲಿನ ಐಕ್ಯಾಮ್-1, ವಿಕ್ಯಾಮ್-1 ಎಂಬ ಅಣುಗಳನ್ನು ಹಿಡಿಯುತ್ತವೆ. ಕೋಶ ನಿಲ್ಲುತ್ತದೆ, ಗೋಡೆ ದಾಟುತ್ತದೆ. ಹೀಗೆ ಒಳಗೆ ಬರುವವು ಬಹಳ ಕಡಿಮೆ; ಇಲಿಯಲ್ಲಿ ದಿನಕ್ಕೆ ಕೆಲವು ನೂರನ್ನೂ ಮೀರುವುದಿಲ್ಲ. ಒಳಗೆ ಜಾಗ ತೆರವಾದಾಗ ರಕ್ತನಾಳದ ಗೋಡೆ ಪಿ-ಸೆಲೆಕ್ಟಿನ್ ಹೆಚ್ಚಿಸಿಕೊಂಡು ಕಾಯುತ್ತದೆ, ತುಂಬಿರುವಾಗ ತಗ್ಗಿಸುತ್ತದೆ. ಎಷ್ಟು ಜನಕ್ಕೆ ಎಲೆ ಹಾಕಬೇಕೆಂದು ಬಲ್ಲವನು ನೀನು.

ಇದನ್ನೆಲ್ಲ ನಮಗೆ ತೋರಿಸಿಕೊಟ್ಟದ್ದು ಇಲಿಗಳು. ಹೆಸರಿಲ್ಲದೆ ಹುಟ್ಟಿ ಹೆಸರಿಲ್ಲದೆ ಹೋದ ಆ ಜೀವಗಳ ಋಣವನ್ನೂ ಈ ನಿವೇದನೆಯಲ್ಲಿ ನೆನೆಯುತ್ತೇನೆ.

ಒಳಗೆ ಬಂದ ಕೋಶ ಹೊರವಲಯದ ಅಂಚಿನ ಕಡೆಗೆ, ಸಿಪ್ಪೆಯ ಹತ್ತಿರಕ್ಕೆ ಸಾಗಬೇಕು. ಎಪಿತೀಲಿಯಲ್ ಕೋಶಗಳು ಕೈಗೆ ಕೈ ಕೋದು ಹಬ್ಬಿಸಿದ ಹಂದರವೇ ಅದರ ದಾರಿ. ಆ ಹಂದರದ ತುಂಬ ವಿಕ್ಯಾಮ್-1 ಇದೆ. ಎಳೆಯ ಕೋಶದ ಮೇಲಿನ ಆಲ್ಫಾ-4 ಬೀಟಾ-1 ಇಂಟಿಗ್ರಿನ್ ಅದನ್ನು ಹಿಡಿದು, ಬಿಟ್ಟು, ಮುಂದಿನದನ್ನು ಹಿಡಿದು ಹೋಗುತ್ತದೆ. ಈ ದಾರಿ ಸವೆಯಲು ಇಲಿಯಲ್ಲಿ ಎರಡು ವಾರದ ಹತ್ತಿರ ಬೇಕು. ಅಷ್ಟು ದಿನವೂ ಮೈಗೆ ಮೈ ತಾಗಿಕೊಂಡೇ ಎಪಿತೀಲಿಯಲ್ ಕೋಶ ನಾಚ್ ಎಂಬ ಸಂಜ್ಞೆ ಕೊಡುತ್ತಿರುತ್ತದೆ. ನಾಚ್ ಸಂಜ್ಞೆ ದೂರದಿಂದ ಬರುವಂಥದ್ದಲ್ಲ. ಕೊಡುವ ಅಣುವೂ ಪಡೆಯುವ ಅಣುವೂ ಎರಡು ಕೋಶಗಳ ಪೊರೆಯಲ್ಲೇ ನೆಟ್ಟಿರುತ್ತವೆ, ಮುಟ್ಟದೆ ಅದು ದಾಟದು. ಆ ಸಂಜ್ಞೆ ತಪ್ಪಿದರೆ ಕೋಶ ಟಿ ಕೋಶವೆಂಬ ಲಿಂಫೋಸೈಟಾಗುವುದಿಲ್ಲ, ಇನ್ನೊಂದು ಬಗೆಯಾದ ಬಿ ಕೋಶದ ದಾರಿ ಹಿಡಿಯುತ್ತದೆ.

ಬಂದವರಿಂದ ಮನೆಗೂ ಆಕಾರ ಬರುತ್ತದೆಂದು ತಿಳಿದಾಗ ನನಗೆ ಮಾತು ಹೊರಡಲಿಲ್ಲ. ಥೈಮೋಸೈಟುಗಳು, ಅಂದರೆ ಥೈಮಸ್ಸಿನಲ್ಲಿ ಬೆಳೆಯುವ ಈ ಎಳೆಯ ಕೋಶಗಳು, ಮೊದಲ ಹಂತದಲ್ಲೇ ನಿಂತುಹೋಗುವಂತೆ ಮಾಡಿದ ಇಲಿಗಳನ್ನು 1990ರ ದಶಕದಲ್ಲಿ ನೋಡಿದರು. ಅವುಗಳ ಎಪಿತೀಲಿಯಂ ಹಂದರವಾಗಿ ಅರಳಲೇ ಇಲ್ಲ. ಬರೀ ಹಾಳೆಯಾಗಿ, ನೀರುಗುಳ್ಳೆಗಳಾಗಿ ಉಳಿಯಿತು. ಭ್ರೂಣದಲ್ಲಿರುವಾಗಲೇ ಒಳ್ಳೆಯ ಮಜ್ಜೆಯ ಕೋಶ ಕೊಟ್ಟರೆ ಹಂದರ ಮತ್ತೆ ಎದ್ದಿತು. ಹೊತ್ತು ಮೀರಿದ ಮೇಲೆ ಕೊಟ್ಟರೆ ಏಳಲಿಲ್ಲ. ತೊದಲಿನ ದಿನಗಳಲ್ಲಿ ಸಿಗಬೇಕಾದ ಸ್ಪರ್ಶ ಆಗಲೇ ಸಿಗಬೇಕು. ಇದು ನಿನ್ನ ನಿಯಮ, ನಾನು ವಾದಿಸುವುದಿಲ್ಲ. ಆದರೆ ಹೊತ್ತು ಮೀರುವ ಮೊದಲೇ ನಮ್ಮನ್ನು ಎಬ್ಬಿಸು ಎಂದು ಬೇಡುತ್ತೇನೆ.

ಇನ್ನು ಪರೀಕ್ಷೆಯ ಮಾತು. ಕೋಶ ತನ್ನ ಜೀನುಗಳನ್ನು ತಾನೇ ಕತ್ತರಿಸಿ ಜೋಡಿಸಿಕೊಂಡು ಒಂದು ಗ್ರಾಹಕವನ್ನು ಕಟ್ಟಿಕೊಂಡಿದೆ. ಎರಡು ಕೋಶಗಳದು ಒಂದೇ ಆಗುವುದು ಅಪರೂಪ ಎನ್ನುವಷ್ಟು ಬಗೆ. ಆ ಗ್ರಾಹಕ ಕೆಲಸಕ್ಕೆ ಬರುತ್ತದೋ ಇಲ್ಲವೋ ಎಂದು ತಿಳಿಯಲು ಎಪಿತೀಲಿಯಲ್ ಕೋಶದ ಮೇಲಿನ ಎಂಎಚ್‌ಸಿ ಎಂಬ ತಟ್ಟೆಯನ್ನೂ ಅದರಲ್ಲಿಟ್ಟ ದೇಹದ ಸ್ವಂತ ಪೆಪ್ಟೈಡ್ ಚೂರನ್ನೂ ಮುಟ್ಟಿ ನೋಡಬೇಕು. ಗ್ರಾಹಕದ ಸ್ವಂತ ಹಿಡಿತ ತೀರ ದುರ್ಬಲ. ಅದೊಂದನ್ನೇ ನಂಬಿದರೆ ಎರಡು ಪೊರೆಗಳು ಓದುವಷ್ಟು ಹೊತ್ತು ಜೊತೆಗೆ ನಿಲ್ಲಲಾರವು. ಅದಕ್ಕೆಂದೇ ನೀನು ಬದಿಯಲ್ಲಿ ಬೇರೆ ಹಿಡಿತಗಳನ್ನು ಇಟ್ಟೆ. ಎಲ್‌ಎಫ್‌ಎ-1 ಐಕ್ಯಾಮ್-1ನ್ನು ಹಿಡಿಯುತ್ತದೆ, ಸಿಡಿ2 ತನ್ನ ಜೋಡಿ ಸಿಡಿ58ನ್ನು ಹಿಡಿಯುತ್ತದೆ. ಇವು ಏನನ್ನೂ ತೀರ್ಮಾನಿಸುವುದಿಲ್ಲ. ತೀರ್ಮಾನವಾಗುವವರೆಗೆ ಇಬ್ಬರನ್ನೂ ಎದುರುಬದುರಾಗಿ ಕೂಡಿಸಿರುತ್ತವೆ, ಅಷ್ಟೆ.

ಸಿಡಿ2 ಸಿಕ್ಕಿದ ಬಗೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1970ರ ದಶಕದ ಪ್ರಯೋಗಾಲಯಗಳಲ್ಲಿ ಮನುಷ್ಯರ ಟಿ ಕೋಶಗಳನ್ನು ಎಣಿಸಲು ಕುರಿಯ ರಕ್ತ ಬೆರೆಸುತ್ತಿದ್ದರು. ಕುರಿಯ ಕೆಂಪು ಕಣಗಳು ಟಿ ಕೋಶದ ಸುತ್ತ ಅಂಟಿ ನಿಲ್ಲುತ್ತಿದ್ದವು. ಹಾಗೆ ಅಂಟಿದ್ದನ್ನು ರೋಸೆಟ್ ಎಂದು ಕರೆದು ಎಣಿಸುತ್ತಿದ್ದರು. ಏಕೆ ಅಂಟುತ್ತವೆ ಎಂದು ಆಗ ತಿಳಿದಿರಲಿಲ್ಲ. ಟಿ ಕೋಶದ ಸಿಡಿ2 ಕುರಿಯ ಕಣದ ಮೇಲೆ ತನ್ನ ಜೋಡಿಯ ಬಂಧುವನ್ನು ಗುರುತಿಸುತ್ತಿತ್ತು ಎಂದು ಮುಂದೆ ಗೊತ್ತಾಯಿತು. 1980ರ ದಶಕದಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಬಾರ್ಟನ್ ಹೇನ್ಸ್ ಅವರ ತಂಡ, ಇದೇ ಜೋಡಿಗೆ ಪ್ರತಿಕಾಯ ಹಾಕಿ ತಡೆದರೆ ಮನುಷ್ಯರ ಥೈಮೋಸೈಟು ತನ್ನ ಎಪಿತೀಲಿಯಲ್ ಕೋಶವನ್ನು ಹಿಡಿಯಲಾರದೆಂದು ತೋರಿಸಿತು. ಹುಲ್ಲು ಮೇಯುವ ಕುರಿಯ ರಕ್ತದಲ್ಲೂ ನಮ್ಮ ಎದೆಯೊಳಗಿನ ಹಿಡಿತದ ಗುರುತು ಇಟ್ಟವನೇ, ನಿನಗೆ ಶರಣು.

ಪರೀಕ್ಷೆಯಲ್ಲಿ ಮೂರು ಗತಿ. ಗ್ರಾಹಕ ಏನನ್ನೂ ಗುರುತಿಸದಿದ್ದರೆ ಕೋಶ ಮೂರು ನಾಲ್ಕು ದಿನದಲ್ಲಿ ತಾನಾಗಿ ಸಾಯುತ್ತದೆ. ಮೆಲ್ಲಗೆ ಗುರುತಿಸಿದರೆ ಬದುಕುತ್ತದೆ. ತನ್ನ ದೇಹವನ್ನೇ ಬಿಗಿಯಾಗಿ ಹಿಡಿದರೆ ಸಾಯುವ ಆಜ್ಞೆಯಾಗುತ್ತದೆ, ಇಲ್ಲವೇ ಇತರರನ್ನು ತಡೆಯುವ ನಿಯಂತ್ರಕ ಟಿ ಕೋಶವಾಗಿ ಬೇರೆ ಜೀವನಕ್ಕೆ ತಿರುಗುತ್ತದೆ. ಎಳೆಯ ಇಲಿಯ ಥೈಮಸ್ಸಿನಲ್ಲಿ ದಿನಕ್ಕೆ ಸುಮಾರು 5 ಕೋಟಿ ಕೋಶಗಳು ಹುಟ್ಟುತ್ತವೆ. ಹೊರಗೆ ಹೋಗುವವು 10ರಿಂದ 20 ಲಕ್ಷ. ಉಳಿದವು ಅಲ್ಲೇ ಮುಗಿಯುತ್ತವೆ. ಭಕ್ಷಕ ಕೋಶಗಳು ಅವನ್ನು ನುಂಗಿ, ಉರಿಯೂತದ ಸುಳಿವೂ ಏಳದಂತೆ ಅರಗಿಸುತ್ತವೆ.

ಇಲ್ಲಿ ನಿನ್ನೊಡನೆ ನನ್ನದೊಂದು ಜಗಳ ಉಳಿದಿದೆ. ಇಷ್ಟು ಸಾವು ಏಕೆ? ವಿದ್ಯಾರ್ಥಿಗಳು ಕೇಳಿದಾಗ ಲೆಕ್ಕದ ಉತ್ತರ ಕೊಡುತ್ತೇನೆ: ಗ್ರಾಹಕಗಳು ಗೊತ್ತುಗುರಿಯಿಲ್ಲದೆ ಹುಟ್ಟುತ್ತವೆ, ಆದ್ದರಿಂದ ಆರಿಸಲೇಬೇಕು, ಮುಂದೆಂದೋ ಬರುವ ರೋಗಾಣುವಿಗೆ ಇಂದೇ ಸಿದ್ಧರಾಗಲು ಬೇರೆ ದಾರಿಯಿಲ್ಲ. ಉತ್ತರ ಸರಿಯಾಗಿದೆ. ಆದರೂ ನನ್ನ ಎದೆಯಲ್ಲಿ ಹೀಗೆ ಮುಗಿದ ಕೋಟ್ಯಂತರ ಕೋಶಗಳಿಗೆ ಒಮ್ಮೆಯಾದರೂ ಕೈಮುಗಿಯದೆ ಇರಲಾರೆ. ನನ್ನನ್ನು ಹರಿದು ತಿನ್ನಬಲ್ಲವು ಅವುಗಳಲ್ಲಿ ಎಷ್ಟೋ ಇದ್ದವು. ಅವು ತೀರಿಹೋದದ್ದರಿಂದ ನಾನಿದ್ದೇನೆ.

ಬದುಕಿದ ಕೋಶ ಈಗ ಹೊರವಲಯವನ್ನು ಬಿಟ್ಟು ಒಳವಲಯಕ್ಕೆ ಇಳಿಯಬೇಕು. ಇಷ್ಟು ದಿನ ತಬ್ಬಿಕೊಂಡಿದ್ದ ವಿಕ್ಯಾಮ್-1ರ ಹಿಡಿತ ಈಗ ಸಡಿಲವಾಗಬೇಕು. ಅದಕ್ಕೂ ನಿನ್ನಲ್ಲಿ ಏರ್ಪಾಡಿದೆ. ಒಳವಲಯದಿಂದ ಸೆಮಾಫೋರಿನ್-3ಇ ಎಂಬ ಅಣು ಹೊಮ್ಮುತ್ತದೆ. ಕೋಶದ ಮೇಲಿನ ಪ್ಲೆಕ್ಸಿನ್-ಡಿ1 ಅದನ್ನು ಗುರುತಿಸಿ ಇಂಟಿಗ್ರಿನ್‌ನ ಬಿಗಿಯನ್ನು ಇಳಿಸುತ್ತದೆ. ಬಾಸ್ಟನ್ನಿನ ಡಾನಾ-ಫಾರ್ಬರ್ ಸಂಸ್ಥೆಯ ಎಲಿಸ್ ರೈನ್‌ಹರ್ಟ್ಸ್ ಅವರ ತಂಡ 2008ರಲ್ಲಿ ಪ್ಲೆಕ್ಸಿನ್-ಡಿ1 ಇಲ್ಲದ ಕೋಶಗಳನ್ನು ಹಿಂಬಾಲಿಸಿತು. ಅವು ಇಳಿಯಲಾರದೆ ಹೊರವಲಯದಲ್ಲೇ ಸಿಕ್ಕಿಕೊಂಡು, ಇರಬಾರದ ಕಡೆ ಗುಂಪುಗೂಡಿದವು. ನಮ್ಮ ಹಿರಿಯರು ಬೇಡುತ್ತಿದ್ದ ಬಿಡುಗಡೆಯೂ ಇಲ್ಲಿದೆ, ಒಡೆಯಾ. ಆದರೆ ಚೆನ್ನಾಗಿ ಹಿಡಿದಿದ್ದ ಕೋಶಕ್ಕೆ ಮಾತ್ರ ಅದು ಒದಗುತ್ತದೆ. ಎಂದೂ ಹಿಡಿಯದೆ ಇದ್ದದ್ದು ಅಷ್ಟು ಹೊತ್ತಿಗೆ ಇರುವುದೇ ಇಲ್ಲ.

ಒಳವಲಯದಲ್ಲಿ ಇನ್ನೊಂದು ಪವಾಡ. ಅಲ್ಲಿನ ಎಪಿತೀಲಿಯಲ್ ಕೋಶಗಳು ಏರ್ ಎಂಬ ಪ್ರೋಟೀನಿನ ಬಲದಿಂದ ದೂರದ ಅಂಗಗಳ ಪದಾರ್ಥಗಳನ್ನು ತಾವೇ ಚೂರುಚೂರು ತಯಾರಿಸಿ ತೋರಿಸುತ್ತವೆ. ಮೇದೋಜೀರಕದ ಇನ್ಸುಲಿನ್, ಕಣ್ಣಿನ ಅಕ್ಷಿಪಟದ ಪ್ರೋಟೀನ್, ಲಾಲಾರಸದ ಪ್ರೋಟೀನ್, ಎಲ್ಲವೂ ಎದೆಯ ಒಳಗೇ. ಎಳೆಯ ಟಿ ಕೋಶ ಕಣ್ಣನ್ನು ಕಾಣದೆಯೇ ಕಣ್ಣನ್ನು ಮುಟ್ಟಿ ನೋಡಿ, ಇದು ನನ್ನದು ಎಂದು ಕಲಿಯುತ್ತದೆ. ಏರ್ ಕೆಟ್ಟು ಹುಟ್ಟಿದ ಮಕ್ಕಳು ಫಿನ್‌ಲೆಂಡ್, ಸಾರ್ಡೀನಿಯಾಗಳಲ್ಲಿ ಹೆಚ್ಚು. ಅವರ ಪ್ಯಾರಾಥೈರಾಯ್ಡ್, ಅಡ್ರಿನಲ್ ಗ್ರಂಥಿಗಳನ್ನು ಅವರದೇ ಟಿ ಕೋಶಗಳು ಹಾಳುಮಾಡುತ್ತವೆ. ಇಲ್ಲೂ ಮುಟ್ಟುವ ಹದ ಬೇಕು. ಒಳವಲಯದಲ್ಲಿ ಕೋಶಗಳು ಸರಸರ ಓಡಾಡುತ್ತ, ಸಿಕ್ಕಲ್ಲಿ ನಿಂತು, ಓದಿ ಹೋಗುತ್ತವೆ. ಇಂಟಿಗ್ರಿನ್‌ಗೆ ಒಳಗಿನಿಂದ ಸನ್ನೆ ಮುಟ್ಟಿಸುವ ಎಂಎಸ್‌ಟಿ1 ಎಂಬ ಕಿಣ್ವ ಇಲ್ಲದ ಇಲಿಗಳಲ್ಲಿ ಅವು ಸರಿಯಾಗಿ ನಿಂತು ಓದಲಿಲ್ಲ. ತಮ್ಮ ದೇಹವನ್ನೇ ಕಾಡುವ ಕೋಶಗಳು ಕಣ್ತಪ್ಪಿಸಿ ಉಳಿದವು. 2012ರಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ವರದಿ ಮಾಡಿದರು. ನಾಲ್ಕೈದು ದಿನ ಹೀಗೆ ಕಳೆದ ಮೇಲೆ ರಕ್ತದಲ್ಲಿರುವ ಎಸ್1ಪಿ ಎಂಬ ಕೊಬ್ಬಿನ ಅಣುವಿನ ಸೆಳೆತಕ್ಕೆ ಓಗೊಟ್ಟು, ಮಾಗಿದ ಕೋಶ ಹೊರಗೆ ಹೋಗುತ್ತದೆ.

ಇಷ್ಟನ್ನು ನಿನಗೆ ಹೇಳಬೇಕಾಗಿರಲಿಲ್ಲ, ನಿನ್ನದೇ ಕೈಕೆಲಸ. ನಾನು ಬೇಡುವುದು ಏನೆಂದು ನನಗೇ ಸ್ಪಷ್ಟವಾಗಲೆಂದು ಹೇಳಿಕೊಂಡೆ. ಇನ್ನು ಬೇಡಿಕೆಗಳು.

ಹಸಿದ ಮಕ್ಕಳ ಎದೆಯನ್ನು ಕಾಯಿ. ಊಟ ತಪ್ಪಿದ ಕೂಸಿನಲ್ಲಿ ಮೊದಲು ಬಾಡುವ ಅಂಗಗಳಲ್ಲಿ ಥೈಮಸ್ ಒಂದು. ಕೆನ್ನೆ ಗುಳಿ ಬಿದ್ದದ್ದು ಎಲ್ಲರಿಗೂ ಕಾಣುತ್ತದೆ. ಆ ಗ್ರಂಥಿಯ ಹೊರವಲಯ ಬರಿದಾದದ್ದು ಯಾರಿಗೂ ಕಾಣುವುದಿಲ್ಲ. ಸೋಂಕೂ ಹಾಗೆಯೇ ಮಾಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀಪಂಕರ ನಂದಿಯವರ ಪ್ರಯೋಗಾಲಯ ಇಲಿಗಳಿಗೆ ಸಾಲ್ಮೊನೆಲ್ಲಾ ಸೋಂಕು ತಗಲಿಸಿ ನೋಡಿದಾಗ, ಪರೀಕ್ಷೆಗೆ ಕಾದು ಕೂತ ಎಳೆಯ ಕೋಶಗಳೇ ಹೆಚ್ಚಾಗಿ ಸತ್ತು ಥೈಮಸ್ ಕುಗ್ಗಿತು. ರಿಯೊ ಡಿ ಜನೈರೊದಲ್ಲಿ ವಿಲ್ಸನ್ ಸವಿನೊ ಅವರ ತಂಡ ಶಾಗಸ್ ರೋಗದಲ್ಲಿ ಇನ್ನೊಂದು ಅಪಾಯ ಕಂಡಿತು: ಕೋಶಗಳ ನಡುವಿನ ಅಂಟುಜಾಲ ದಟ್ಟವಾಗಿ, ಹಿಡಿ-ಬಿಡುವಿನ ಹದ ಕೆಟ್ಟು, ಪರೀಕ್ಷೆ ಮುಗಿಸದ ಕೋಶಗಳು ಹೊರಗೆ ಹೋಗುತ್ತಿದ್ದವು. ಹಸಿವೂ ಸೋಂಕೂ ಒಟ್ಟಿಗೆ ಇರುವ ಗುಡಿಸಲುಗಳು ನನ್ನ ನಾಡಿನಲ್ಲಿ ಇನ್ನೂ ಇವೆ. ಅಂಗನವಾಡಿಯ ಮೊಟ್ಟೆ, ಹಾಲು ಆ ಗುಡಿಸಲಿನ ಮಗುವಿಗೆ ತಪ್ಪದೆ ಮುಟ್ಟಲಿ. ಅದನ್ನು ತಡೆಯುವ ಕೈಗೆ, ಅದು ಯಾರದೇ ಆಗಿರಲಿ, ತಾನು ಏನನ್ನು ತಡೆಯುತ್ತಿದ್ದೇನೆಂದು ತಿಳಿಸು.

ಬೀಟಾ-2 ಇಂಟಿಗ್ರಿನ್ ಇಲ್ಲದೆ ಹುಟ್ಟುವ ಮಕ್ಕಳನ್ನು ಮರೆಯಬೇಡ. ಹೊಕ್ಕುಳಬಳ್ಳಿ ವಾರಗಟ್ಟಲೆ ಬೀಳದೆ ಉಳಿಯುವುದು, ಗಾಯವಾದರೂ ಕೀವು ಕಟ್ಟದಿರುವುದು ಅವರ ಗುರುತು. ಬಿಳಿಯ ಕಣಗಳು ರಕ್ತದಲ್ಲಿ ತುಂಬಿದ್ದರೂ ಗೋಡೆ ಹಿಡಿದು ಹೊರಬರಲಾರವು. ಅವರ ಥೈಮಸ್ ಮಾತ್ರ ಬಹುಮಟ್ಟಿಗೆ ಕೆಲಸ ನಡೆಸಿಕೊಂಡು ಹೋಗುತ್ತದೆ. ಒಂದು ಹಿಡಿತ ತಪ್ಪಿದಲ್ಲಿ ಆಲ್ಫಾ-4 ಇಂಟಿಗ್ರಿನ್‌ನಂಥ ಇನ್ನೊಂದನ್ನು ನೀನು ಮೊದಲೇ ಇಟ್ಟಿದ್ದೀಯೆ. ಆ ಕರುಣೆ ಅವರ ಉಳಿದ ಮೈಗೂ ಹರಿಯಲಿ. ಕಾಯಿಲೆಯನ್ನು ಬೇಗ ಗುರುತಿಸುವ ವೈದ್ಯರು, ಹೊಂದುವ ಮಜ್ಜೆ ಕೊಡುವ ದಾನಿಗಳು ಅವರಿಗೆ ದೊರೆಯಲಿ.

ಹೃದಯದ ಶಸ್ತ್ರಚಿಕಿತ್ಸಕರಿಗಾಗಿಯೂ ಬೇಡುತ್ತೇನೆ. ಕೂಸಿನ ಪುಟ್ಟ ಎದೆಯಲ್ಲಿ ಹೃದಯಕ್ಕೆ ದಾರಿ ಮಾಡಿಕೊಳ್ಳಲು ಥೈಮಸ್ ತೆಗೆಯಬೇಕಾಗುವುದು ನನಗೆ ಗೊತ್ತು, ಆ ಹೊತ್ತಿನಲ್ಲಿ ಉಸಿರೇ ಮೊದಲು. ಆದರೆ ದೊಡ್ಡವರಲ್ಲೂ ಈ ಗ್ರಂಥಿ ಬರೀ ಕೊಬ್ಬಲ್ಲ. 2023ರಲ್ಲಿ ಮಸಾಚುಸೆಟ್ಸ್‌ನ ವೈದ್ಯರು ಥೈಮಸ್ ತೆಗೆಸಿಕೊಂಡವರನ್ನು, ಅದನ್ನು ಉಳಿಸಿಕೊಂಡೇ ಎದೆಯ ಶಸ್ತ್ರಚಿಕಿತ್ಸೆಯಾದವರ ಜೊತೆ ಹೋಲಿಸಿದರು. 5 ವರ್ಷದಲ್ಲಿ ಮೊದಲ ಗುಂಪಿನಲ್ಲಿ ಶೇ. 8.1 ಮಂದಿ, ಎರಡನೆಯದರಲ್ಲಿ ಶೇ. 2.8 ಮಂದಿ ತೀರಿಕೊಂಡಿದ್ದರು. ಸಾಧ್ಯವಿರುವ ಕಡೆ ಒಂದು ತುಣುಕನ್ನಾದರೂ ಉಳಿಸುವ ಯೋಚನೆಯನ್ನು ಶಸ್ತ್ರಚಿಕಿತ್ಸಕರ ಬೆರಳುಗಳಿಗೆ ಕೊಡು.

ಹಾಗೆ ತೆಗೆದು ಎಸೆಯುತ್ತಿದ್ದುದನ್ನೇ ಔಷಧವಾಗಿಸಿದ ಲೂಯಿಸ್ ಮಾರ್ಕರ್ಟ್ ಅವರನ್ನು ಹರಸು. ಥೈಮಸ್ಸೇ ಇಲ್ಲದೆ ಹುಟ್ಟುವ ಕೂಸುಗಳಿವೆ. ಮೊದಲೆಲ್ಲ ಅವು ಎರಡು ಮೂರು ವರ್ಷದೊಳಗೆ ತೀರಿಕೊಳ್ಳುತ್ತಿದ್ದವು. ಡ್ಯೂಕ್‌ನಲ್ಲಿ ಮಾರ್ಕರ್ಟ್, ಬೇರೆ ಕೂಸುಗಳ ಹೃದಯ ಚಿಕಿತ್ಸೆಯಲ್ಲಿ ತೆಗೆದ ಥೈಮಸ್ಸನ್ನು ತೆಳುವಾಗಿ ಹೆಚ್ಚಿ, 12ರಿಂದ 21 ದಿನ ಸಾಕಿ, ಈ ಮಕ್ಕಳ ತೊಡೆಯ ಸ್ನಾಯುವಿನಲ್ಲಿ ನೆಟ್ಟರು. 2021ರ ಅಕ್ಟೋಬರಿನಲ್ಲಿ ಅಮೆರಿಕ ಸರ್ಕಾರ ಇದಕ್ಕೆ ಅನುಮತಿ ಕೊಟ್ಟಿತು. ಎದೆಯಲ್ಲಿರಬೇಕಾದದ್ದು ತೊಡೆಯಲ್ಲಿದೆ, ಹಂದರ ಬೇರೆ ಯಾರದ್ದೋ ಕೂಸಿನದು. ಆದರೂ ಈ ಮಗುವಿನ ಮಜ್ಜೆಯಿಂದ ಹೊರಟ ಕೋಶ ಆ ಹಂದರವನ್ನು ಮುಟ್ಟಿ, ಹಿಡಿದು, ಟಿ ಕೋಶವಾಗುತ್ತದೆ. ಸೋಂಕನ್ನು ತಡೆಯುವಷ್ಟು ಆಗಲು 6ರಿಂದ 12 ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಅಷ್ಟು ದಿನ ಆ ಮಗುವನ್ನು ಅಜ್ಜಿ ಎತ್ತಿಕೊಳ್ಳುವಂತಿಲ್ಲ, ಓರಗೆಯ ಮಕ್ಕಳು ಹತ್ತಿರ ಬರುವಂತಿಲ್ಲ. ಸಿರಿವಂತ ದೇಶದ ಕೆಲವೇ ಮಕ್ಕಳಿಗೆ ಸಿಗುತ್ತಿರುವ ಈ ಚಿಕಿತ್ಸೆ ನಮ್ಮ ಮಕ್ಕಳಿಗೂ ಸಿಗುವಂತೆ ಮಾಡು. ಮತ್ತು ಇಂದು ಎಲ್ಲೋ ಒಂದು ವಾರ್ಡಿನಲ್ಲಿ ಕಾಯುತ್ತಿರುವ ಆ ಮಗುವಿನ ಮಜ್ಜೆಯಿಂದ ಹೊರಟ ಕೋಶ ತೊಡೆಯ ರಕ್ತನಾಳದಲ್ಲಿ ಹರಿದು ಹೋಗುವಾಗ, ಅಂತರ್ಯಾಮಿಯೇ, ಗೋಡೆಯಿಂದ ಕೈ ಚಾಚಿ ಅದನ್ನು ಹಿಡಿದು ನಿಲ್ಲಿಸು.